ಬೆಲ್ಲ ಎಂದರೆ ಸಿಗದ ಬೆಲ್ಲ

ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ ಬೆಲ್ಲಕ್ಕೆ ಬಣ್ಣ ಬರಿಸುವುದು ಹೇಗೆ? ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಲೆಮನೆಗಳಲ್ಲಿ ಇದು ಹಳೆಯ ಪ್ರಶ್ನೆ. ಪೇಟೆಗೆ ಬೇಕಾದದ್ದು ಹೊಂಬಣ್ಣದ ಅಚ್ಚು. ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಬಿದ್ದರೆ ಆ ಬಣ್ಣ ಬರುತ್ತದೆ. ಆದರೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ, ದಾಸ್ತಾನಿನಲ್ಲಿ ಇಟ್ಟರೆ ಬಣ್ಣ ಮತ್ತೆ ಕಪ್ಪಿಗೆ ತಿರುಗುತ್ತದೆ. ಇದು ಬೇಡ ಎನ್ನುವವರು ಬೆಂಡೆ ಗಿಡ ಜಜ್ಜಿ ನೆನೆಸಿ, ಆ ಲೋಳೆ ನೀರನ್ನು ಕಬ್ಬಿನ ಹಾಲಿಗೆ ಸುರಿದು ಮಡ್ಡಿ ಎತ್ತುತ್ತಾರೆ. ಲೋಳೆ ಎಷ್ಟು ಹಾಕಬೇಕು, ಯಾವ ಶಾಖದಲ್ಲಿ ಹಾಕಬೇಕು, ಬೆಂಡೆಗಿಂತ ಮೇಲಾದದ್ದು ಇದೆಯೇ ಎಂದು ಯಾರಾದರೂ ಅಳೆದು ನೋಡಿರಬೇಕಲ್ಲ?

ಅಳೆದಿದ್ದಾರೆ. ಹುಡುಕುವುದರಲ್ಲೇ ತೊಡಕು.

ಮಳವಳ್ಳಿ ಕಡೆಯ ಒಬ್ಬಳು ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಕಾಲೇಜಿನ ಗ್ರಂಥಾಲಯದಲ್ಲಿ ಸಂಶೋಧನಾ ಲೇಖನಗಳ ಡೇಟಾಬೇಸ್ ತೆರೆದು, ‘ಮಂಡ್ಯದ ಬೆಲ್ಲದ ಬಣ್ಣವನ್ನು ಹೈಡ್ರೋಸ್ ಇಲ್ಲದೆ ಸುಧಾರಿಸುವುದು ಹೇಗೆ’ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾಳೆ. ಫಲಿತಾಂಶ ಸೊನ್ನೆ. ಅದೇ ವಾಕ್ಯವನ್ನು ಮೊಬೈಲಿನಲ್ಲಿ ಗೂಗಲ್‌ಗೆ ಕೊಟ್ಟರೆ ಪುಟಗಟ್ಟಲೆ ಬರುತ್ತದೆ. ಬೇಸತ್ತು ಡೇಟಾಬೇಸಿನಲ್ಲಿ ಬೆಲ್ಲದ ಇಂಗ್ಲಿಷ್ ಹೆಸರಾದ ‘ಜಾಗರಿ’ ಎಂಬ ಒಂದೇ ಪದ ಹಾಕಿದರೆ ಓದಿ ಮುಗಿಸಲಾರದಷ್ಟು ಬರುತ್ತದೆ. ಮನುಷ್ಯರಿಗೆ ವಿವರ ಹೆಚ್ಚು ಕೊಟ್ಟಷ್ಟೂ ಅವರು ಬೇಗ ಹುಡುಕಿಕೊಡುತ್ತಾರೆ. ಇಲ್ಲಿ ವಿವರ ಹೆಚ್ಚಿದಷ್ಟೂ ಉತ್ತರ ಕರಗುತ್ತದೆ. ಇದು ಯಂತ್ರದ ದಡ್ಡತನವಲ್ಲ, ಅದು ಒಂದು ಕಟ್ಟುನಿಟ್ಟಾದ ಕ್ರಮದಲ್ಲಿ ಕೆಲಸ ಮಾಡುತ್ತಿದೆ.

ಪಹಣಿ ಪುಸ್ತಕವನ್ನು ತಿರುವಿ ಬರೆದರೆ

ಹಳೆಯ ಪಹಣಿ ಪುಸ್ತಕ ಸರ್ವೆ ನಂಬರಿನ ಕ್ರಮದಲ್ಲಿರುತ್ತಿತ್ತು. ನಂಬರ್ ಹೇಳಿದರೆ ಜಮೀನು ಯಾರದೆಂದು ಆ ಗಳಿಗೆಯಲ್ಲೇ ತಿಳಿಯುತ್ತದೆ. ಆದರೆ ‘ಪುಟ್ಟಸ್ವಾಮಿಗೆ ಎಲ್ಲೆಲ್ಲಿ ಜಮೀನಿದೆ?’ ಎಂದು ಕೇಳಿದರೆ ಇಡೀ ಪುಸ್ತಕ ಮಗುಚಿಹಾಕಬೇಕು. ದಿನಾ ಇಂಥ ಪ್ರಶ್ನೆ ಬರುವುದಾದರೆ ಗುಮಾಸ್ತರು ಇನ್ನೊಂದು ಪಟ್ಟಿ ಬರೆದಿಟ್ಟುಕೊಳ್ಳುತ್ತಾರೆ: ಎಡಗಡೆ ಹೆಸರು, ಬಲಗಡೆ ಆ ಹೆಸರಿನ ಎಲ್ಲ ಸರ್ವೆ ನಂಬರುಗಳು.

ಡೇಟಾಬೇಸಿನ ಹೊಟ್ಟೆಯಲ್ಲಿರುವುದು ಇಂಥದೇ ಪಟ್ಟಿ. ಲೇಖನ ಬಂದ ಕೂಡಲೇ ಅದರ ಶೀರ್ಷಿಕೆ, ಸಾರಾಂಶ, ಲೇಖಕರು ಕೊಟ್ಟ ಕೀವರ್ಡ್‌ಗಳನ್ನು ಪದಪದವಾಗಿ ಬಿಡಿಸಿ, ಒಂದೊಂದು ಪದದ ಎದುರಿಗೂ ಆ ಲೇಖನದ ಕ್ರಮಸಂಖ್ಯೆ ಬರೆಯಲಾಗುತ್ತದೆ. ಇನ್ವರ್ಟೆಡ್ ಇಂಡೆಕ್ಸ್ ಎಂದು ಕರೆಯುವ ಇದನ್ನು ನಾವು ತಿರುವುಪಟ್ಟಿ ಎನ್ನೋಣ. ನೀವು ‘ಜಾಗರಿ’ ಎಂದಾಗ ಯಂತ್ರ ಲೇಖನಗಳನ್ನು ಓದುವುದಿಲ್ಲ. ಪಟ್ಟಿಯಲ್ಲಿ ಆ ಪದದ ಸಾಲಿಗೆ ಹೋಗಿ ಎದುರಿಗಿರುವ ಸಂಖ್ಯೆಗಳನ್ನು ಎತ್ತಿಕೊಡುತ್ತದೆ, ಅಷ್ಟೆ.

ಪುಟ್ಟಸ್ವಾಮಿಯ ವಿಷಯಕ್ಕೆ ಮತ್ತೆ ಬರೋಣ. ಒಂದು ಹೊಲದ ಪಹಣಿಯಲ್ಲಿ ಪುಟ್ಟಸ್ವಾಮಿ, ಇನ್ನೊಂದರಲ್ಲಿ ಪುಟ್ಟಸ್ವಾಮಿಗೌಡ, ಮತ್ತೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಸೇರಿಸಿ ಬರೆದಿದ್ದಾರೆ. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಪಟ್ಟಿಗೆ ಮಾತ್ರ ಅವರು ಮೂರು ಜನ. ಕಬ್ಬಿನ ಗತಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ‘ಶುಗರ್‌ಕೇನ್’ ಎಂದು ಕೂಡಿಸಿ ಬರೆಯುವವರಿದ್ದಾರೆ, ‘ಶುಗರ್ ಕೇನ್’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ಕೆಲವು ಡೇಟಾಬೇಸ್‌ಗಳು ಏಕವಚನ ಬಹುವಚನಗಳನ್ನು, ಬ್ರಿಟನ್ ಅಮೆರಿಕಗಳ ಕಾಗುಣಿತ ಭೇದವನ್ನು ತಾವೇ ಸರಿದೂಗಿಸುತ್ತವೆ. ಎಲ್ಲವೂ ಹಾಗೆ ಮಾಡುತ್ತವೆ ಎಂದು ನಂಬಿ ಕೂರುವಂತಿಲ್ಲ.

ವಾಕ್ಯಕ್ಕೆ ಸೊನ್ನೆ ಬಂದದ್ದೇಕೆ

ಎರಡು ಪದ ಹಾಕಿದರೆ ಯಂತ್ರ ಎರಡು ಸಾಲು ಎತ್ತುತ್ತದೆ. ಆಮೇಲೆ ಅದು ಮಾಡುವ ಕೆಲಸ ಮುಖ್ಯವಾಗಿ ಎರಡು ಬಗೆ. ಎರಡು ಸಾಲಿನಲ್ಲೂ ಇರುವ ಸಂಖ್ಯೆಗಳನ್ನು ಮಾತ್ರ ಉಳಿಸಿಕೊಳ್ಳುವುದು ಒಂದು, ಅದಕ್ಕೆ ಆಜ್ಞೆ ‘ಆಂಡ್’. ಯಾವ ಸಾಲಿನಲ್ಲಿದ್ದರೂ ಸರಿ ಎಂದು ಎಲ್ಲವನ್ನೂ ಕೂಡಿಸುವುದು ಇನ್ನೊಂದು, ಅದಕ್ಕೆ ಆಜ್ಞೆ ‘ಆರ್’. ಜಾರ್ಜ್ ಬೂಲ್ ಎಂಬ ಗಣಿತಜ್ಞ 1854ರಲ್ಲಿ ಪ್ರಕಟಿಸಿದ ತರ್ಕದ ಗಣಿತದಿಂದ ಬಂದ ಆಜ್ಞೆಗಳಿವು. ಆಂಡ್ ಹಾಕಿದಷ್ಟೂ ಪಟ್ಟಿ ಕಿರಿದಾಗುತ್ತದೆ, ಆರ್ ಹಾಕಿದಷ್ಟೂ ಹಿಗ್ಗುತ್ತದೆ.

ನೀವು ಏನೂ ಹೇಳದೆ ಪದಗಳ ನಡುವೆ ಬರೀ ಜಾಗ ಬಿಟ್ಟರೆ, ಹಲವು ಡೇಟಾಬೇಸ್‌ಗಳು ಅದನ್ನು ಆಂಡ್ ಎಂದೇ ತಿಳಿಯುತ್ತವೆ. ನಮ್ಮ ವಿದ್ಯಾರ್ಥಿನಿ ಬರೆದ ವಾಕ್ಯದ ಅರ್ಥ ಯಂತ್ರದ ಲೆಕ್ಕದಲ್ಲಿ ಹೀಗೆ: ‘ಮಂಡ್ಯ’ ಇರಬೇಕು, ‘ಜಾಗರಿ’ ಇರಬೇಕು, ‘ಕಲರ್’ ಇರಬೇಕು, ‘ಇಂಪ್ರೂವ್’ ಇರಬೇಕು, ‘ವಿದೌಟ್’ ಇರಬೇಕು, ‘ಹೈಡ್ರೋಸ್’ ಇರಬೇಕು. ಇದರಲ್ಲಿ ‘ವಿದೌಟ್’ ಪದ ಮಾಡುವ ಅನಾಹುತ ನೋಡಿ. ಹೈಡ್ರೋಸ್ ಬೇಡವೆಂದು ಅವಳು ಹೇಳಿದ್ದು, ಹೈಡ್ರೋಸ್ ಎಂಬ ಪದ ಇರಲೇಬೇಕು ಎಂದು ಅದಕ್ಕೆ ಕೇಳಿಸಿತು. ಬೆಂಡೆ ಲೋಳೆಯ ಬಗ್ಗೆ ಬರೆದು, ಹೈಡ್ರೋಸಿನ ಹೆಸರೆತ್ತದ ಒಳ್ಳೆಯ ಲೇಖನ ಅಲ್ಲಿಗೆ ಹೊರಬಿತ್ತು.

ಗೂಗಲ್ ಹೀಗೇಕೆ ಮಾಡುವುದಿಲ್ಲ? ಅದು ಕಾಗುಣಿತ ತಿದ್ದುತ್ತದೆ, ಸಮಾನಪದಗಳನ್ನು ಊಹಿಸುತ್ತದೆ, ಬೇಡವೆನಿಸಿದ ಪದವನ್ನು ಕೈಬಿಡುತ್ತದೆ. ಈಚೆಗೆ ಅರ್ಥದ ಹತ್ತಿರ ದೂರವನ್ನೂ ಅಂದಾಜು ಮಾಡುತ್ತದೆ. ಸಿನಿಮಾ ವೇಳೆ ಹುಡುಕುವವರಿಗೆ ಇದು ಉಪಕಾರ. ಸಂಶೋಧಕರಿಗೆ ಒಂದು ಇಕ್ಕಟ್ಟಿದೆ: ಯಾವ ಪದ ಬಿಟ್ಟಿತು, ಯಾವುದನ್ನು ಸೇರಿಸಿಕೊಂಡಿತು ಎಂಬುದನ್ನು ಅದು ಹೇಳುವುದಿಲ್ಲ. ನಾಳೆ ಬೇರೆಯವರು ಅದೇ ಹುಡುಕಾಟ ಮಾಡಿದರೆ ಅದೇ ಲೇಖನಗಳು ಬರುತ್ತವೆ ಎಂಬ ಭರವಸೆಯೂ ಇಲ್ಲ. ಹೇಳಿದ್ದನ್ನಷ್ಟೇ ಮಾಡುವ ಯಂತ್ರವೇ ಈ ಕೆಲಸಕ್ಕೆ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ಹೇಳಲು ಬರಬೇಕು.

ಕೊಲಂಬಿಯಾದ ಆಲೆಮನೆ

ಬೆಲ್ಲ ನಮ್ಮ ನಾಡಿನದಷ್ಟೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಜಗತ್ತಿನಲ್ಲಿ ಹೆಚ್ಚು ಬೆಲ್ಲ ಮಾಡುವ ದೇಶ ಭಾರತವೇ ನಿಜ. ಎರಡನೆಯದು ಎಲ್ಲೋ ದೂರದ ಕೊಲಂಬಿಯಾ. ಅಲ್ಲಿನ ಬೆಟ್ಟದ ಓರೆಯಲ್ಲಿ ಕಬ್ಬು ಬೆಳೆದು, ‘ತ್ರಪಿಚೆ’ ಎಂಬ ಆಲೆಮನೆಯಲ್ಲಿ ಅರೆದು, ಸಾಲಾಗಿಟ್ಟ ಕೊಪ್ಪರಿಗೆಗಳಲ್ಲಿ ಕಾಯಿಸಿ, ಅಚ್ಚಿಗೆ ಸುರಿಯುತ್ತಾರೆ. ಉರಿಸುವುದು ಕಬ್ಬಿನ ಸಿಪ್ಪೆಯನ್ನೇ. ಹಾಲು ತಿಳಿಯಾಗಲು ಅವರೂ ಲೋಳೆ ಹಾಕುತ್ತಾರೆ, ಗುವಾಸಿಮೊ, ಬಾಲ್ಸೊ ಮುಂತಾದ ಮರಗಳ ತೊಗಟೆಯಿಂದ ಬಂದದ್ದು. ಬಂದ ಪದಾರ್ಥವನ್ನು ಅವರು ‘ಪನೆಲಾ’ ಎನ್ನುತ್ತಾರೆ.

ನಮ್ಮ ಹುಡುಗಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಕೆಲಸದ ದೊಡ್ಡ ಪಾಲು ಹೀಗೆ ಪನೆಲಾ ಸಾಲಿನಲ್ಲಿ ಕೂತಿದೆ. ‘ಜಾಗರಿ’ ಸಾಲಿಗೆ ಎಷ್ಟು ಸಲ ಹೋದರೂ ಅದು ಸಿಗುವುದಿಲ್ಲ. ಬ್ರೆಜಿಲ್‌ನಲ್ಲಿ ಬೆಲ್ಲ ‘ರಪಡೂರ’, ಮೆಕ್ಸಿಕೊದಲ್ಲಿ ‘ಪಿಲೋನ್ಸಿಯೊ’, ಪೆರುವಿನಲ್ಲಿ ‘ಚಂಕಾಕ’, ಜಪಾನಿನ ಒಕಿನಾವಾದಲ್ಲಿ ‘ಕೊಕುತೊ’. ಉತ್ತರ ಭಾರತದ, ಪಾಕಿಸ್ತಾನದ ಲೇಖಕರು ‘ಗುಡ್’ ಪದವನ್ನು ಇಂಗ್ಲಿಷಿನಲ್ಲಿ ‘ಗುರ್’ ಎಂದು ಬರೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕಾಯಿತು. ಸಕ್ಕರೆ ಕಾರ್ಖಾನೆಯಲ್ಲಿ ಹರಳನ್ನು ಕಾಕಂಬಿಯಿಂದ ಬೇರೆ ಮಾಡಲು ಗಿರ್ರನೆ ತಿರುಗುವ ಸೆಂಟ್ರಿಫ್ಯೂಜ್ ಇರುತ್ತದೆ, ಆಲೆಮನೆಯಲ್ಲಿ ಇಲ್ಲ. ಹಾಗಾಗಿ ಬೆಲ್ಲ ‘ನಾನ್‌ಸೆಂಟ್ರಿಫ್ಯೂಗಲ್ ಶುಗರ್’ ಆಯಿತು. ಆಲೆಮನೆಯ ಯಜಮಾನರು ಕೇಳಿದರೆ ನಕ್ಕಾರು. ಆದರೂ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಇದು ನಡೆಯುವ ನಾಣ್ಯ. ಇದನ್ನೂ ಅಡ್ಡಗೆರೆ ಹಾಕಿ, ಹಾಕದೆ, ನಡುವೆ ‘ಕೇನ್’ ಸೇರಿಸಿ ಹಲವು ಬಗೆಯಲ್ಲಿ ಬರೆಯುತ್ತಾರೆ.

ಹೈಡ್ರೋಸಿನದೂ ಇದೇ ಕಥೆ. ಅದು ಅಂಗಡಿಯ ಹೆಸರು. ಲೇಖನಗಳಲ್ಲಿ ಅದು ಸೋಡಿಯಂ ಹೈಡ್ರೋಸಲ್ಫೈಟ್. ರಸಾಯನಶಾಸ್ತ್ರದವರಿಗೆ ಅದೇ ವಸ್ತು ಸೋಡಿಯಂ ಡೈಥಯೊನೈಟ್. ಆಹಾರ ಸುರಕ್ಷತೆಯವರು ಅದರ ಹೆಸರನ್ನೇ ಹೇಳದೆ, ಬೆಲ್ಲದಲ್ಲಿ ಉಳಿದ ಗಂಧಕದ ಡೈಆಕ್ಸೈಡ್ ಎಷ್ಟೆಂದು ಬರೆದಿರಬಹುದು. ಬೆಂಡೆಗೆ ಒಬ್ಬರು ‘ಓಕ್ರ’ ಎಂದರೆ ಇನ್ನೊಬ್ಬರು ‘ಲೇಡೀಸ್ ಫಿಂಗರ್’, ಮತ್ತೊಬ್ಬರು ‘ಭಿಂಡಿ’. ವೈಜ್ಞಾನಿಕ ಹೆಸರು ಹಾಕಿದರೆ ಬಗೆಹರಿಯಬಹುದೆಂದು ತೋರುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನೂ ಬದಲಿಸಿದ್ದಾರೆ, ಹಳೆಯ ಲೇಖನಗಳಲ್ಲಿ ಅದು ಹೈಬಿಸ್ಕಸ್ ಎಸ್ಕುಲೆಂಟಸ್, ಈಗ ಏಬಲ್‌ಮಾಸ್ಕಸ್ ಎಸ್ಕುಲೆಂಟಸ್.

ಹೀಗಾಗಿ ಕೀವರ್ಡ್ ಆರಿಸುವುದೆಂದರೆ ನನ್ನ ಮನಸ್ಸಿನ ಪದವನ್ನು ಆರಿಸುವುದಲ್ಲ. ನಾನು ಕಾಣದ, ನನ್ನ ಭಾಷೆ ಅರಿಯದ ಒಬ್ಬ ಲೇಖಕ ಇದನ್ನು ಏನೆಂದು ಬರೆದಿರಬಹುದು ಎಂದು ಊಹಿಸುವುದು.

ರಂಗನಾಥನ್ ಬಿಡಿಸಿದ ಬಗೆ

ಈ ಊಹೆಯನ್ನು ಎಲ್ಲಿಂದ ಶುರುಮಾಡಬೇಕು? ಇದಕ್ಕೆ ಒಳ್ಳೆಯ ದಾರಿ ತೋರಿದವರು ಎಸ್.ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟ್ರು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡು ಲಂಡನ್ನಿಗೆ ಕಲಿಯಲು ಹೋದಾಗ ಅಲ್ಲಿನ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ತಿರುಪುಗಳಿಂದ ಬೇಕಾದ ಆಕಾರ ಕಟ್ಟಬಹುದು ಎಂಬುದು ಅವರ ತಲೆಯಲ್ಲಿ ಉಳಿಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ, ಯಾವ ವಿಷಯವನ್ನೂ ಇಡಿಯಾಗಿ ಒಂದು ಗೂಡಿಗೆ ತುರುಕುವ ಬದಲು ಬಿಡಿಭಾಗಗಳಾಗಿ ಕಳಚಿತು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಅಲ್ಲಿ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ತೀರಿಕೊಂಡರು.

ಅವರ ಪ್ರಕಾರ ಒಂದು ವಿಷಯಕ್ಕೆ ಹೆಚ್ಚೆಂದರೆ ಐದು ಬಗೆಯ ಮುಖಗಳು: ಮುಖ್ಯವಾದ ಸಂಗತಿ, ಅದರ ವಸ್ತು ಅಥವಾ ಗುಣ, ಅದರ ಮೇಲೆ ನಡೆಯುವ ಕ್ರಿಯೆ, ಸ್ಥಳ, ಕಾಲ. ನಮ್ಮ ಪ್ರಶ್ನೆಯನ್ನು ಹೀಗೆ ಕಳಚಿ ನೋಡಿ. ಮುಖ್ಯ ಸಂಗತಿ ಬೆಲ್ಲ. ವಸ್ತು ಬೆಂಡೆಯ ಲೋಳೆ, ಇಲ್ಲವೆ ಬೇರೆ ಗಿಡದ್ದು. ಕ್ರಿಯೆ ತಿಳಿಗೊಳಿಸುವುದು. ಸ್ಥಳ ಮಂಡ್ಯ. ಕಾಲ ಇಂದು. ‘ಹೇಗೆ’, ‘ಸುಧಾರಿಸು’, ‘ಇಲ್ಲದೆ’ ಎಂಬ ಪದಗಳಿಗೆ ಇಲ್ಲಿ ಮನೆಯೇ ಸಿಗಲಿಲ್ಲ ಎಂಬುದನ್ನು ಗಮನಿಸಿ. ಅವು ಪ್ರಶ್ನೆಯ ಪದಗಳು, ಲೇಖನದ ಪದಗಳಲ್ಲ.

ಈಗ ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಬೆಲ್ಲದ ಹೆಸರುಗಳೆಲ್ಲ ಒಂದರ ಕೆಳಗೊಂದು. ಎರಡನೆಯದರಲ್ಲಿ ಬೆಂಡೆಯ ಹೆಸರುಗಳು, ಲೋಳೆಗೆ ಹೇಳುವ ‘ಮ್ಯೂಸಿಲೇಜ್’, ತೊಗಟೆ, ‘ಪ್ಲಾಂಟ್ ಎಕ್ಸ್‌ಟ್ರಾಕ್ಟ್’. ಮೂರನೆಯದರಲ್ಲಿ ತಿಳಿಗೊಳಿಸುವುದಕ್ಕೆ ಇರುವ ಪದಗಳು. ‘ಕ್ಲಾರಿಫಿಕೇಶನ್’, ‘ಕ್ಲಾರಿಫೈಯಿಂಗ್’, ‘ಕ್ಲಾರಿಫಿಕೆಂಟ್’ ಎಂದು ಎಲ್ಲವನ್ನೂ ಬರೆಯುವ ಬದಲು ‘ಕ್ಲಾರಿಫ್’ ತನಕ ಬರೆದು ನಕ್ಷತ್ರ ಚಿಹ್ನೆ ಇಟ್ಟರೆ, ಹಾಗೆ ಶುರುವಾಗುವ ಎಲ್ಲ ಪದಗಳನ್ನೂ ಯಂತ್ರ ತರುತ್ತದೆ. ಒಂದು ಕಂಬಸಾಲಿನೊಳಗಿನ ಪದಗಳ ನಡುವೆ ಆರ್. ಕಂಬಸಾಲುಗಳ ನಡುವೆ ಆಂಡ್. ಒಂದೊಂದು ಕಂಬಸಾಲಿನ ಸುತ್ತ ಆವರಣ ಚಿಹ್ನೆ. ‘ನಾನ್‌ಸೆಂಟ್ರಿಫ್ಯೂಗಲ್ ಶುಗರ್’ನಂಥ ಜೋಡಿಪದಕ್ಕೆ ಉದ್ಧರಣ ಚಿಹ್ನೆ, ಇಲ್ಲವಾದರೆ ‘ಶುಗರ್’ ಒಂಟಿಯಾಗಿ ಓಡಿಹೋಗಿ ಮಧುಮೇಹದ ಲೇಖನಗಳನ್ನೆಲ್ಲ ಕರೆತರುತ್ತದೆ.

ಇಲ್ಲಿ ಒಂದು ಇತಿಹಾಸದ ಕೊಂಕು ಇದೆ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಗ್ರಂಥಪಾಲಕರು ಸುಮಾರು 18,000 ವಿಮಾನಶಾಸ್ತ್ರದ ಬರಹಗಳನ್ನು ನಾಲ್ಕು ಬೇರೆ ಬೇರೆ ಪದ್ಧತಿಗಳಲ್ಲಿ ಸೂಚಿ ಮಾಡಿ ಪಂದ್ಯ ಕಟ್ಟಿದರು. ರಂಗನಾಥನ್ ವಿಚಾರದಿಂದ ಹುಟ್ಟಿದ ಮುಖಗಳ ಪದ್ಧತಿಯೂ ಅದರಲ್ಲೊಂದು. ಬರಹದಿಂದಲೇ ಒಂಟಿ ಪದಗಳನ್ನು ಹೆಕ್ಕಿಡುವ ಸರಳ ಪದ್ಧತಿ ಇನ್ನೊಂದು. ಫಲಿತಾಂಶದಲ್ಲಿ ನಾಲ್ಕಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ವರ್ಗೀಕರಣದ ಪಂಡಿತರಿಗೆ ಇದು ಕಹಿಯಾಯಿತು. ನನಗೆ ಅನ್ನಿಸುವುದು, ಬರಹಗಳನ್ನು ಜೋಡಿಸಿಡುವವರಿಗಿಂತ ಕೇಳುವವರಿಗೇ ರಂಗನಾಥನ್ ಹೆಚ್ಚು ಒದಗುತ್ತಾರೆ. ಯಂತ್ರ ಒಂಟಿ ಪದಗಳನ್ನು ಎಣಿಸಿಕೊಂಡಿರಲಿ, ಪ್ರಶ್ನೆಯನ್ನು ಕಳಚುವ ಕೆಲಸ ನಮ್ಮದು.

ಹೆಚ್ಚು ಸಿಕ್ಕಿದರೂ ಕಷ್ಟ

ಕ್ಲೆವರ್ಡನ್ ಪ್ರಯೋಗಗಳಿಂದ ಎರಡು ಅಳತೆಗಳು ಬಳಕೆಗೆ ಬಂದವು. ಇರುವ ಒಳ್ಳೆಯ ಲೇಖನಗಳಲ್ಲಿ ಎಷ್ಟು ಪಾಲು ನಿಮಗೆ ದಕ್ಕಿತು ಎಂಬುದು ರೀಕಾಲ್, ನಾವು ದಕ್ಕುಪಾಲು ಎನ್ನೋಣ. ದಕ್ಕಿದ್ದರಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಎಂಬುದು ಪ್ರಿಸಿಷನ್, ತಕ್ಕಪಾಲು. ಸಾಮಾನ್ಯವಾಗಿ ಒಂದನ್ನು ಏರಿಸಲು ಹೋದರೆ ಇನ್ನೊಂದು ಇಳಿಯುತ್ತದೆ.

‘ಪನೆಲಾ’ ಸೇರಿಸಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಪೋರ್ಚುಗೀಸಿನಲ್ಲಿ ಪನೆಲಾ ಎಂದರೆ ಅಡುಗೆ ಪಾತ್ರೆ. ಕೊಲಂಬಿಯಾದ ಬೆಲ್ಲದ ಜೊತೆ ಬ್ರೆಜಿಲ್‌ನ ಪ್ರೆಷರ್ ಕುಕ್ಕರ್ ಕೂಡ ಬರುತ್ತದೆ. ನಾನ್‌ಸೆಂಟ್ರಿಫ್ಯೂಗಲ್ ಶುಗರನ್ನು ‘ಎನ್.ಸಿ.ಎಸ್.’ ಎಂದು ಮೊಟಕು ಮಾಡಿ ವೈದ್ಯಕೀಯ ಡೇಟಾಬೇಸಿನಲ್ಲಿ ಹಾಕಿದರೆ, ನರಗಳ ಸಂವಹನ ಪರೀಕ್ಷೆಯ ಲೇಖನಗಳು ಸಾಲುಗಟ್ಟುತ್ತವೆ, ಅದಕ್ಕೂ ಅದೇ ಮೂರಕ್ಷರ. ‘ಗುರ್’ ಪದಕ್ಕೆ ನಕ್ಷತ್ರ ಇಟ್ಟರಂತೂ ಗುರುಗಳೂ ಗುರುಗ್ರಾಮವೂ ಹಾಜರು. ಆದರೆ ಬೇರೆ ಎರಡು ಕಂಬಸಾಲುಗಳು ಕಾವಲಿಗಿವೆ. ಲೋಳೆಯೂ ತಿಳಿಗೊಳಿಸುವುದೂ ಇರಬೇಕೆಂಬ ಆಂಡ್ ಇರುವುದರಿಂದ ಕುಕ್ಕರಿನ ಲೇಖನಗಳು ತಾವಾಗಿಯೇ ಉದುರುತ್ತವೆ. ಒಂದು ಕಂಬಸಾಲಿನಲ್ಲಿ ಧಾರಾಳವಾಗಿರಬಹುದು, ಇನ್ನೊಂದು ಅದನ್ನು ಹಿಡಿತದಲ್ಲಿಡುತ್ತದೆ.

‘ನಾಟ್’ ಎಂಬ ಮೂರನೆಯ ಆಜ್ಞೆಯೂ ಇದೆ. ಇದರ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ತಾಳೆ ಬೆಲ್ಲದ ಲೇಖನಗಳು ಬೇಡವೆಂದು ‘ನಾಟ್ ಪಾಮ್’ ಎಂದರೆ, ಕಬ್ಬಿನ ಬೆಲ್ಲವನ್ನೂ ತಾಳೆ ಬೆಲ್ಲವನ್ನೂ ಹೋಲಿಸಿ ಬರೆದ ಲೇಖನವೂ ಹೋಗುತ್ತದೆ. ಹೋದದ್ದು ನಿಮಗೆ ಕಾಣುವುದೂ ಇಲ್ಲ.

ಯಾವ ಪದ ಗಟ್ಟಿ, ಯಾವುದು ಜೊಳ್ಳು ಎಂಬುದಕ್ಕೆ ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಒಂದು ಲೆಕ್ಕ ಕೊಟ್ಟರು. ಸಂಗ್ರಹದಲ್ಲಿ ಎಷ್ಟು ಕಡಿಮೆ ಬರಹಗಳಲ್ಲಿ ಒಂದು ಪದ ಕಾಣುತ್ತದೋ ಅದರ ತೂಕ ಅಷ್ಟು ಹೆಚ್ಚು. ‘ಎಫೆಕ್ಟ್’, ‘ಸ್ಟಡಿ’, ‘ಕ್ವಾಲಿಟಿ’ ಎಲ್ಲ ಕಡೆ ಇರುವುದರಿಂದ ಬೆಲೆಯಿಲ್ಲದವು. ‘ಮ್ಯೂಸಿಲೇಜ್’ ವಿರಳ, ಆದ್ದರಿಂದ ಬೆಲೆಯುಳ್ಳದ್ದು. ಫಲಿತಾಂಶಗಳನ್ನು ಮೇಲೆ ಕೆಳಗೆ ಜೋಡಿಸುವ ಯಂತ್ರಗಳು ಇವತ್ತಿಗೂ ಈ ಲೆಕ್ಕದ ಒಂದಲ್ಲ ಒಂದು ರೂಪವನ್ನು ಬಳಸುತ್ತವೆ. ಕೀವರ್ಡ್ ಆರಿಸುವವರೂ ಮೊದಲು ವಿರಳ ಪದದಿಂದ ಹೊರಡಬಹುದು.

ಒಂದು ತಕ್ಕ ಲೇಖನ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿ ಅದರ ಕೀವರ್ಡ್ ಸಾಲನ್ನು ಓದುವುದು ಒಳ್ಳೆಯದು. ನಾವು ಊಹಿಸಬೇಕೆಂದಿದ್ದ ಪದಗಳನ್ನು ಲೇಖಕರೇ ಬರೆದಿಟ್ಟಿರುತ್ತಾರೆ. ಕೆಲವು ಡೇಟಾಬೇಸ್‌ಗಳಲ್ಲಿ ಇನ್ನೊಂದು ಅನುಕೂಲವಿದೆ. ಲೇಖಕ ಏನೇ ಪದ ಬಳಸಿರಲಿ, ಸೂಚಿಕಾರರು ಗೊತ್ತುಮಾಡಿದ ಒಂದೇ ಪದದ ಅಡಿ ಅದನ್ನು ಸೇರಿಸುತ್ತಾರೆ. ವೈದ್ಯಕೀಯಕ್ಕೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ನಡೆಸುತ್ತಿರುವ ‘ಮೆಶ್’ ಪದಕೋಶವಿದೆ, ಕೃಷಿಗೆ ‘ಆಗ್ರೊವಾಕ್’. ರೋಗ, ಬೆಳೆ, ಕೀಟಗಳ ವಿಷಯದಲ್ಲಿ ಇವು ಬಹಳ ಉಪಯುಕ್ತ. ಆಲೆಮನೆಯಂಥ ಸಣ್ಣ ಕಸುಬಿನ ಒಳವಿವರಕ್ಕೆ ಇಳಿದರೆ ಮತ್ತೆ ನಮ್ಮ ಕಂಬಸಾಲುಗಳೇ ಗತಿ.

ಊರಿನ ಹೆಸರು ಯಾವಾಗ ಬೇಕು

ಮಂಡ್ಯ ಎಂಬ ಪದವನ್ನು ನಾವು ಕಂಬಸಾಲಿಗೆ ಹಾಕಲಿಲ್ಲ. ಲೋಳೆ ಮಡ್ಡಿಯನ್ನು ಹಿಡಿಯುವ ಬಗೆಗೂ ಊರಿಗೂ ಸಂಬಂಧವಿಲ್ಲ, ಆ ಪದ ಹಾಕಿದ ಕ್ಷಣ ಕೊಲಂಬಿಯಾ ಪೂರ್ತಿ ಮಾಯ. ಆದರೆ ಪ್ರಶ್ನೆ ಬದಲಾದರೆ ನ್ಯಾಯವೂ ಬದಲು. ಇಲ್ಲಿನ ಮಾರುಕಟ್ಟೆಯಲ್ಲಿ ಬೆಲ್ಲದ ಧಾರಣೆ ಏರಿಳಿದದ್ದೇಕೆ ಎಂಬ ಪ್ರಶ್ನೆಗೆ ಊರೇ ಮುಖ್ಯ.

ಹಳೆಯ ಕಾಲಕ್ಕೆ ಹೋದರೆ ಊರಿನ ಹೆಸರೂ ಕೈಕೊಡುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ವರದಿಗಳಲ್ಲಿ ಇಲ್ಲಿನ ಕಬ್ಬು ‘ಮೈಸೂರು ಜಿಲ್ಲೆ’ಯ ಅಡಿ ಅಡಗಿದೆ. ಈಗಿನ ವಿಶ್ವೇಶ್ವರಯ್ಯ ನಾಲೆ ಆಗಿನ ಬರಹಗಳಲ್ಲಿ ಇರ್ವಿನ್ ಕೆನಾಲ್. ಮೈಷುಗರ್ ಕಾರ್ಖಾನೆಯನ್ನು 1933ರಲ್ಲಿ ಹುಟ್ಟಿದಾಗಿನ ಪೂರ್ತಿ ಹೆಸರಿನಿಂದ, ಮೈಸೂರ್ ಶುಗರ್ ಕಂಪನಿ ಎಂದೇ, ಹುಡುಕಬೇಕು. ಕಾಲವನ್ನೂ ರಂಗನಾಥನ್ ಒಂದು ಮುಖವೆಂದು ಎಣಿಸಿದ್ದು ಸುಮ್ಮನೆ ಅಲ್ಲ.

ಕನ್ನಡದಲ್ಲಿ ಹುಡುಕಿದರೆ

ಬೆಲ್ಲದ ಬಗ್ಗೆ ಕನ್ನಡದಲ್ಲೂ ಪ್ರಬಂಧಗಳಿವೆ. ಶೋಧಗಂಗಾದಂಥ ಪ್ರಬಂಧ ಭಂಡಾರಗಳಲ್ಲಿ ಕನ್ನಡ ಅಧ್ಯಯನ, ಜಾನಪದ, ಸಮಾಜಶಾಸ್ತ್ರ ವಿಭಾಗಗಳವು ಸೇರಿವೆ. ಇಲ್ಲಿ ತಿರುವುಪಟ್ಟಿಗೆ ಇನ್ನೊಂದು ಪೇಚು. ಕನ್ನಡದ ನಾಮಪದ ವಿಭಕ್ತಿ ಹತ್ತಿಸಿಕೊಳ್ಳದೆ ವಾಕ್ಯಕ್ಕೆ ಬರುವುದೇ ಕಡಿಮೆ. ‘ಕಬ್ಬು’ ಎಂದು ಹುಡುಕಿದರೆ ‘ಕಬ್ಬಿನ’, ‘ಕಬ್ಬಿಗೆ’ ಸಿಗುವುದಿಲ್ಲ, ಕೊನೆಯ ಸ್ವರವೇ ಬೇರೆ. ‘ಕಬ್ಬ’ ತನಕ ಬರೆದು ನಕ್ಷತ್ರ ಇಟ್ಟರೆ ಮೂರೂ ಸಿಗುತ್ತವೆ, ಜೊತೆಗೆ ‘ಕಬ್ಬಿಣ’ವೂ ಬರುತ್ತದೆ.

ಯೂನಿಕೋಡ್ ಬಳಕೆ ಹರಡುವುದಕ್ಕೆ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಬಂಧಗಳದು ಇನ್ನೂ ದೊಡ್ಡ ಗೋಳು. ತೆರೆಯ ಮೇಲೆ ‘ಆಲೆಮನೆ’ ಎಂದು ಚೆಂದವಾಗಿ ಕಾಣುತ್ತದೆ. ಆದರೆ ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿದೆ ಅಷ್ಟೆ. ಯಂತ್ರ ಪಟ್ಟಿಗೆ ಸೇರಿಸುವುದು ಆ ಚಿಹ್ನೆಗಳನ್ನು. ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿ ಏರಿಸಿದ ಪುಟಗಳಲ್ಲಿ ಅದೂ ಇಲ್ಲ. ಅಂಥ ಪ್ರಬಂಧ ಸಿಗುವುದು ಯಾರಾದರೂ ಅದರ ಶೀರ್ಷಿಕೆಯನ್ನು ದಾಖಲೆಯಲ್ಲಿ ಬೇರೆಯಾಗಿ ಟೈಪ್ ಮಾಡಿದ್ದರೆ ಮಾತ್ರ. ಅದನ್ನು ಹಲವೆಡೆ ರೋಮನ್ ಲಿಪಿಯಲ್ಲಿ ಮಾಡಿರುತ್ತಾರೆ. ಆಲೆಮನೆಯ ಮೊದಲಲ್ಲಿ ಒಂದು ‘ಎ’ ಹಾಕಿದರೋ ಎರಡೋ, ‘ಆಲೆ’ ಮತ್ತು ‘ಮನೆ’ಯ ನಡುವೆ ಜಾಗ ಬಿಟ್ಟರೋ ಇಲ್ಲವೋ ಹೇಳಲಾಗದು. ನಾಲ್ಕು ರೂಪವನ್ನೂ ಬರೆದು ನಡುವೆ ಆರ್ ಹಾಕಿ ಕೇಳಬೇಕು.